ಹೆರಿಗೆಗೆ ಹೋಗಿಬರುವ ಬೇರಿಂಗು

ಬೆಳಗಿನ ಐದೂವರೆ. ಕುಮಾಸಿ ನಗರದ ಸುಆಮೆ ಮ್ಯಾಗಜೀನ್ ಎಂಬ ಗ್ಯಾರೇಜು ಪೇಟೆಯಲ್ಲಿ ಸುತ್ತಿಗೆಯ ಸದ್ದು ಇನ್ನೂ ಶುರುವಾಗಿಲ್ಲ. ತಗಡಿನ ಅಂಗಡಿಯೊಂದರ ಮುಂದೆ ಮೋಟು ಸ್ಟೂಲಿನ ಮೇಲೆ ಕೂತ ಹೆಂಗಸೊಬ್ಬರು ಕಾರಿನ ಚಕ್ರದ ಬೇರಿಂಗೊಂದನ್ನು ಕಿವಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಾರೆ. ಕಣ್ಣು ಮುಚ್ಚಿದೆ. ನಾನು ಒಂದು ಸಲ ನಮಸ್ಕಾರ ಹೇಳುತ್ತೇನೆ. ಎರಡನೇ ಸಲ ಹೇಳಿದ್ದಕ್ಕೆ ಎಡಗೈ ಎತ್ತಿ ಬಾಯಿ ಮುಚ್ಚು ಎಂಬಂತೆ ಸನ್ನೆ ಮಾಡುತ್ತಾರೆ. ಇಪ್ಪತ್ತೇಳು ವರ್ಷದ ಪರಿಚಯಕ್ಕೆ ಸಿಕ್ಕ ಮರ್ಯಾದೆ ಇದು.

ಬೇರಿಂಗು ಪಕ್ಕದ ಗುಡ್ಡೆಗೆ ಬಿದ್ದ ಮೇಲೆಯೇ ಅವರ ಕಣ್ಣು ತೆರೆಯುವುದು.

"ಏನ್ ಮೇಷ್ಟ್ರೇ, ಮುಖ ತೊಳೆದು ಬಂದ್ರೋ, ಹಂಗೇ ಎದ್ದು ಬಂದ್ರೋ? ಆರೂವರೆಗೆ ಈ ಬೀದೀಲಿ ಸುತ್ತಿಗೆ ಏಳ್ತು ಅಂದ್ರೆ ನನ್ನ ಕಿವಿ ಸತ್ತಂಗೆ. ಮಾತಾಡೋಕೆ ಇಡೀ ದಿನ ಬಿದ್ದಿದೆ. ಕೇಳಿಸ್ಕೊಳ್ಳೋಕೆ ಇರೋದು ಇದೊಂದೇ ಗಂಟೆ."

ಇವರು ಅಫಿಯಾ ಕೊನಾಡು. ವಯಸ್ಸು ಐವತ್ತನಾಲ್ಕು. ಬೀದಿಗೆಲ್ಲ ಮಾಮೆ ಅಫಿಯಾ; ಮಾಮೆ ಎಂದರೆ ಇಲ್ಲಿಯವರ ಮಾತಿನಲ್ಲಿ ಅಮ್ಮ. ಇವರು ಗಾಡಿ ರಿಪೇರಿ ಮಾಡುವವರಲ್ಲ, ದೊಡ್ಡ ವ್ಯಾಪಾರಸ್ಥರೂ ಅಲ್ಲ. ಯಾವ ಗಾಡಿಯ ಭಾಗ ಯಾವ ಗಾಡಿಗೆ ಕೂರುತ್ತದೆ, ಕೂತರೆ ಎಷ್ಟು ದೂರ ಬಾಳುತ್ತದೆ ಎಂದು ಹೇಳುವುದು ಇವರ ಕೆಲಸ. ಈ ಕೆಲಸಕ್ಕೊಂದು ಹೆಸರಿಲ್ಲ. ಅಂಗಡಿಗೂ ಬೋರ್ಡಿಲ್ಲ. ಆದರೂ ದಿನಕ್ಕೆ ಅರವತ್ತು ಎಪ್ಪತ್ತು ಮಂದಿ ಕೈಯಲ್ಲಿ ಮುರಿದದ್ದೊಂದನ್ನು ಹಿಡಿದು ಇಲ್ಲಿಗೇ ಬರುತ್ತಾರೆ. ಅವರಲ್ಲಿ ಇಪ್ಪತ್ತು ಜನರನ್ನಾದರೂ ಇವರು ಬರಿಗೈಯಲ್ಲಿ ವಾಪಸ್ ಕಳಿಸುತ್ತಾರೆ. ಬೈಸಿಕೊಳ್ಳುವುದೂ ಅದಕ್ಕೇ, ನಂಬಿಕೆ ಗಳಿಸಿರುವುದೂ ಅದಕ್ಕೇ.

ಅಂಗಡಿಯೊಳಗೆ ಮೂರು ಗುಡ್ಡೆಗಳಿವೆ. ಬಾಗಿಲ ಹತ್ತಿರ ಮಂಡಿಯೆತ್ತರಕ್ಕೆ ಬಿದ್ದಿರುವುದು ಸಂತೆ ಗುಡ್ಡೆ. ಸಂತೆಗೆ ಹೋಗಿಬರುವ ಗಾಡಿಗೆ ಸಾಕು ಎನ್ನುವಂಥ ಸಾಮಾನು. ನಡುವಿನದು ಸಾವಿನ ಗುಡ್ಡೆ. ಶನಿವಾರ ಬಂತೆಂದರೆ ಕುಮಾಸಿಯ ಅರ್ಧ ಊರು ಕಪ್ಪು ಬಟ್ಟೆ ಉಟ್ಟು ಯಾವುದೋ ಹಳ್ಳಿಯ ಸಾವಿಗೆ ಹೊರಡುತ್ತದೆ. ಅಲ್ಲಿಗೆ ಹೋಗಿ, ಇದ್ದು, ಮಾನವಾಗಿ ಮನೆಗೆ ಮರಳಬೇಕಾದ ಗಾಡಿಗೆ ಈ ಗುಡ್ಡೆಯಿಂದ ಸಾಮಾನು. ಹಿಂದಿನ ಗೋಡೆಗೆ ಬಡಿದ ಹಲಗೆಯ ಮೇಲಿರುವುದು ಮೂರನೆಯದು. ಅದನ್ನು ಗುಡ್ಡೆ ಎನ್ನುವುದೇ ತಪ್ಪು. ಇವತ್ತು ಅದರಲ್ಲಿರುವುದು ಏಳೇ ಏಳು ಸಾಮಾನು. ಅದು ಹೆರಿಗೆ ಗುಡ್ಡೆ.

"ಹೆರಿಗೆ ನೋವು ತಿನ್ನೋ ಹೆಂಗಸನ್ನ ಕೂರಿಸ್ಕೊಂಡು ಹೋಗೋ ಗಾಡಿಗೆ ಹಾಕಬಹುದು ಅನ್ನೋದು ಮಾತ್ರ ಅಲ್ಲಿಗೆ ಹೋಗುತ್ತೆ," ಎನ್ನುತ್ತಾರೆ ಮಾಮೆ. "ಅಸಲಿಯೋ ನಕಲಿಯೋ, ಹೊಸದೋ ಹಳೇದೋ, ಅದೆಲ್ಲ ಆಮೇಲೆ. ಯಾರು ಕೂರ್ತಾರೆ ಅನ್ನೋದು ಮೊದಲು."

ಈ ಮೂರು ದರ್ಜೆ ಮಾಡಿದವರು ಅವರ ತಂದೆ, ಟ್ಯಾಕ್ಸಿ ಕ್ವಾಬೆನಾ ಡೊಂಕೊರ್. ಅದರ ಹಿಂದಿನ ಕಥೆ ಬೀದಿಗೆಲ್ಲ ಗೊತ್ತು. ಐವತ್ತನಾಲ್ಕು ವರ್ಷದ ಹಿಂದೆ ಒಂದು ಶುಕ್ರವಾರ ಅವರು ಬಸುರಿ ಹೆಂಡತಿಯನ್ನು ಮಾಂಪಾಂಗಿನಿಂದ ಕುಮಾಸಿಯ ಆಸ್ಪತ್ರೆಗೆ ಕರೆತರುತ್ತಿದ್ದರು. ಎರಡು ವಾರದ ಹಿಂದಷ್ಟೇ ಹಾಕಿಸಿದ್ದ ಅಗ್ಗದ ಬೇರಿಂಗು ದಾರಿಯಲ್ಲಿ ಕಚ್ಚಿಕೊಂಡಿತು. ಚಕ್ರ ತಿರುಗಲಿಲ್ಲ. ಅಫಿಯಾ ಹುಟ್ಟಿದ್ದು ಅಲ್ಲೇ, ಟ್ಯಾಕ್ಸಿಯ ಹಿಂದಿನ ಸೀಟಿನ ಮೇಲೆ. ದಾರಿಹೋಕ ಮುದುಕಿಯೊಬ್ಬಳು ಬಂದು ಕೈಹಿಡಿಯದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ. ಬೀದಿಯವರಿಗೆ ಇಷ್ಟು ಸಾಕಲ್ಲ! ಇವತ್ತಿಗೂ ಇವರನ್ನು ರೇಗಿಸುವವರು "ಏನಮ್ಮಾ ಹಿಂದಿನ ಸೀಟು!" ಎಂದೇ ಕೂಗುತ್ತಾರೆ.

ಅಂಗಡಿಯ ಹಿಂದೆ, ತಗಡಿನ ಚಪ್ಪರದ ಕೆಳಗೆ, ನಾಲ್ಕು ಮೂಲೆಗೆ ಹಳದಿ ಬಳಿದ ಒಂದು ಟ್ಯಾಕ್ಸಿ ಹಿಂದಿನ ಎಡ ಮೂಲೆಯನ್ನು ಕಲ್ಲುಗಳ ಮೇಲೆ ಊರಿ ನಿಂತಿದೆ. ಅಫಿಯಾ ಹುಟ್ಟಿದ ಟ್ಯಾಕ್ಸಿ ಅಲ್ಲ ಇದು, ಆಮೇಲಿನದು. ನಾನು ಈ ಊರಿಗೆ ಮೇಷ್ಟ್ರಾಗಿ ಬಂದ ದಿನ ಕೆಜೆಟಿಯಾ ನಿಲ್ದಾಣದಲ್ಲಿ ಪೆಟ್ಟಿಗೆ ಹಿಡಿದು ಕಣ್ಣುಬಾಯಿ ಬಿಡುತ್ತಿದ್ದಾಗ ನನ್ನನ್ನು ಹತ್ತಿಸಿಕೊಂಡದ್ದು ಇದೇ ಗಾಡಿ. ಅದರ ಹಿಂದಿನ ಗಾಜಿನ ಮೇಲೆ "ಮತ್ತೆ ಬಂದೆ" ಎಂದು ಬರೆಸಿದ್ದರು. ಈಗಲೂ ಅಕ್ಷರ ಅಳಿಸಿಲ್ಲ. ಅಂದಿನ ಸೀಟಿನ ರೆಕ್ಸಿನ್ ವಾಸನೆ, ಮುದುಕ ಗೇರು ಹಾಕುವಾಗ ಗೊಣಗುತ್ತಿದ್ದ ಪ್ರಾರ್ಥನೆ, ಕಿಟಕಿಯಿಂದ ನುಗ್ಗುತ್ತಿದ್ದ ಸುಟ್ಟ ಬಾಳೆಕಾಯಿಯ ಘಮ, ಎಲ್ಲ ನನಗೆ ನಿನ್ನೆಯದೆಂಬಂತೆ ನೆನಪಿದೆ. ಆಗ ಇಡೀ ಊರಿನಲ್ಲಿ ಗಾಡಿಗಳ ಜಾತಿ ಐದೋ ಆರೋ ಇದ್ದವು. ಕಣ್ಣು ಕಟ್ಟಿ ಬಿಟ್ಟರೂ ಮೆಕ್ಯಾನಿಕ್ಕುಗಳು ಬಿಚ್ಚಿ ಜೋಡಿಸುತ್ತಿದ್ದರು. ಆ ಕಾಲ ಚೆನ್ನಾಗಿತ್ತು. ಹಾಗೆಂದರೆ ಹುಡುಗರು ನಗುತ್ತಾರೆ, ನಗಲಿ.

ಈಗ ಬರುತ್ತಿರುವುದು ಬೇರೆ ಥರದ್ದು. ಪುಟ್ಟ ಕಾರಿಗೆ ಜೀಪಿನ ಠೀವಿ ಕೊಟ್ಟು, ನೆಲದಿಂದ ಒಂದು ಗೇಣು ಎತ್ತರಿಸಿ, ಮೂತಿ ದಪ್ಪ ಮಾಡಿ ಕಳಿಸುತ್ತಿದ್ದಾರಲ್ಲ, ಆ ಗಾಡಿಗಳು. ಮ್ಯಾಗಜೀನಿನಲ್ಲಿ ಇವಕ್ಕೆ "ಹೈಹೀಲು" ಎಂಬ ಹೆಸರು ಬಿದ್ದಿದೆ. ಆ ಹೆಸರಿಟ್ಟವರೂ ಮಾಮೆ ಅಫಿಯಾನೇ.

"ಮೊದಲ ಸಲ ಒಂದು ಬಂತು. ಕೆಳಗೆ ಬಗ್ಗಿ ನೋಡಿದೆ. ನಗು ತಡೆಯೋಕಾಗ್ಲಿಲ್ಲ ಮೇಷ್ಟ್ರೇ. ಅದೇ ನಮ್ಮ ಹಳೇ ಹುಡುಗಿ! ಎತ್ತರದ ಚಪ್ಪಲಿ ಮೆಟ್ಕೊಂಡು, ತುಟಿಗೆ ಬಣ್ಣ ಹಚ್ಕೊಂಡು ಬಂದವ್ಳೆ. ಇಂಜಿನ್ ಕೂರೋ ರಬ್ಬರು ನಮ್ಮ ಹಳೇ ಟ್ಯಾಕ್ಸೀದು. ಬ್ರೇಕಿನ ಪ್ಯಾಡು ಅದರ ಚಿಕ್ಕಮ್ಮನ ಮಗಳದ್ದು. ಕಂಪನಿಯೋರು ಇವನ್ನೆಲ್ಲ ಬಾಯಿ ಬಿಟ್ಟು ಹೇಳಲ್ಲ. ನಾವೇ ನೆಂಟಸ್ತನ ಹುಡುಕ್ಕೋಬೇಕು."

ನೆಂಟಸ್ತನ ಹುಡುಕಲು ಅವರ ಬಳಿ ಇರುವ ಉಪಕರಣ ಒಂದೇ. ಫುಫು ಮುದ್ದೆಗೆ ಬೆಂದ ಗೆಣಸು ಕುಟ್ಟುವ ಹಳೆಯ ಒನಕೆ. ತುದಿಗೆ ಹೋಗುತ್ತ ಸಣ್ಣಗಾಗುವ ಆ ಒನಕೆಯ ಮೈತುಂಬ ಕಾದ ಕಂಬಿಯಿಂದ ಸುಟ್ಟ ಗೆರೆಗಳಿವೆ. ಬೇರಿಂಗನ್ನೋ ಬಳೆಯಂಥ ಯಾವುದೇ ಭಾಗವನ್ನೋ ತುದಿಯಿಂದ ತೂರಿಸಿದರೆ ಎಲ್ಲಿ ನಿಲ್ಲುತ್ತದೋ ಅದೇ ಅದರ ಅಳತೆ. ಮೂವತ್ತೇಳು ವರ್ಷದ ಗೆರೆಗಳಿವು. ಯಾವ ಗೆರೆ ಯಾವ ಗಾಡಿಯದೆಂದು ಬರೆದಿಟ್ಟಿಲ್ಲ, ಎಲ್ಲ ತಲೆಯಲ್ಲಿದೆ.

ಅಂಗಡಿಯ ಬಾಗಿಲ ಮೇಲೆ ತುಂಡಾದ ಸ್ಪ್ರಿಂಗೊಂದು ನೇತಾಡುತ್ತಿದೆ. ದೃಷ್ಟಿಗೆ ಕಟ್ಟಿದ್ದಾರೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ಅದು ಮಾಮೆಯ ತಪ್ಪು. ಒಂಬತ್ತು ವರ್ಷದ ಹಿಂದೆ ಒಬ್ಬ ಗುಮಾಸ್ತರ ಹೈಹೀಲಿಗೆ ಹಿಂದಿನ ಸ್ಪ್ರಿಂಗು ಬೇಕಿತ್ತು. ಹಳೇ ಕಾರಿನದು ತಂದು ಹಿಡಿದು ನೋಡಿದರು. ಅದೇ ಎತ್ತರ, ಅದೇ ಸುತ್ತು, ಕೂರುವ ಬಟ್ಟಲೂ ಅದೇ. ಕೊಟ್ಟುಬಿಟ್ಟರು. ಗುಮಾಸ್ತರು ಗಂಡಹೆಂಡಿರಿಬ್ಬರೇ ಸಾವಿಗೆ ಹೋದರು, ಹಗುರವಾಗಿ. ಬರುವಾಗ ಯಾರು ಹಗುರವಾಗಿ ಬರುತ್ತಾರೆ? ಮೂರು ಮೂಟೆ ಗೆಣಸು, ಎರಡು ಗೊನೆ ಬಾಳೆಕಾಯಿ, ಒಂದು ಆಡು, ಜೊತೆಗೆ ನಾಲ್ವರು ನೆಂಟರು. ಮಾಂಪಾಂಗಿನ ಘಾಟಿಯಲ್ಲಿ ಸ್ಪ್ರಿಂಗು ತುಂಡಾಗಿ ಗಾಡಿ ಕುಂಡಿ ಊರಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ನೆಂಟರಲ್ಲಿದ್ದ ಎಂಬತ್ತು ದಾಟಿದ ಅಜ್ಜಿಯೊಬ್ಬರು ಸೂತಕದ ಕಪ್ಪು ಬಟ್ಟೆಯುಟ್ಟು ಆ ಘಾಟಿಯನ್ನು ಬಿಸಿಲಲ್ಲಿ ನಡೆದು ಇಳಿದರು.

"ಸೋಮವಾರ ಬಂದು ಈ ತುಂಡು ನನ್ನ ಕಾಲ ಹತ್ರ ಇಟ್ಟು ಸುಮ್ನೆ ಕೂತ್ರು. ಒಂದು ಮಾತು ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು," ಎಂದು ಮಾಮೆ ನೆಲ ನೋಡುತ್ತಾರೆ. "ನೆಂಟಸ್ತನ ಸರಿಯಾಗೇ ಇತ್ತು. ಹೋಗೋವಾಗಿನ ಭಾರ ನೋಡ್ದೆ, ಬರೋವಾಗಿನ ಭಾರ ನೋಡ್ಲಿಲ್ಲ. ಎತ್ತರದ ಚಪ್ಪಲಿ ಹಾಕ್ದೋಳು ಹೊರೆ ಹೊತ್ರೆ ಹೆಂಗಿರುತ್ತೆ ಅಂತ ಹೆಂಗಸಾಗಿ ನಂಗೆ ಹೊಳೀಬೇಡ್ವಾ?"

ಅಂದಿನಿಂದ ಒಂದು ಪದ್ಧತಿ ಬಂತು. ಮಾಮೆ ಹೈಹೀಲಿಗೆ ಒಪ್ಪಿಕೊಟ್ಟ, ಭಾರ ಹೊರುವಂಥ ಸಾಮಾನು ಕೂತಮೇಲೆ ಡಿಕ್ಕಿಯಲ್ಲಿ ಎಂಟು ಬ್ರೇಕ್ ಡ್ರಮ್ಮು ತುಂಬಬೇಕು. ಹಿಂದಿನ ಸೀಟಿನಲ್ಲಿ ಮಾಮೆ ಕೂರಬೇಕು. ಬ್ರೆಮಾನ್ ಕಡೆಯ ಏರು ಹತ್ತಿಳಿದು ಬರಬೇಕು. ಬಂದಮೇಲೇ ಮಾಮೆ ಅವತ್ತಿನ ತಿಂಡಿ ತಿನ್ನುವುದು. ಅವರು ಕೊಡುವ ಗ್ಯಾರಂಟಿ ಚೀಟಿ ಇದೇ.

ನಾನು ಹೋಗಿದ್ದು ಈ ಪದ್ಧತಿಯ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು ಬರೆಯೋಣವೆಂದು. ಆದರೆ ಏಳು ಗಂಟೆಗೆ ಬೀದಿಯ ತುದಿಯಿಂದ ಒಂದು ಬಿಳಿ ಹೈಹೀಲು ಊಳಿಡುತ್ತ ಬರುತ್ತದೆ. ಹಿಂದಿನ ಚಕ್ರದ ಸದ್ದಿಗೆ ಕೊಕೊ ಗಂಜಿ ಮಾರುವ ಹುಡುಗಿಯೂ ಸೌಟು ನಿಲ್ಲಿಸಿ ತಿರುಗಿ ನೋಡುತ್ತಾಳೆ. ಇಳಿದವರು ಸಿಸ್ಟರ್ ಬೊಆಟೆಮಾ. ಬೆಪೊಸೊ ಆಚೆಯ ಹಳ್ಳಿಯಲ್ಲಿ ಹೆರಿಗೆ ಮಾಡಿಸುವ ದಾದಿ. ಸುತ್ತಿನ ಐದು ಹಳ್ಳಿಗೆ ಇರುವುದು ಇವರೊಬ್ಬರೇ, ಇವರ ಗಾಡಿಯೊಂದೇ.

"ಮಾಮೆ, ಕಂಪನಿ ಅಂಗಡೀಲಿ ಬೇರಿಂಗಿಗೆ ಆರು ವಾರ ಕಾಯಿ ಅಂತಾರೆ. ಹಡಗಲ್ಲಿ ಬರಬೇಕಂತೆ," ಎನ್ನುವಾಗ ಸಿಸ್ಟರಿಗೆ ಏದುಸಿರು. "ಊರಲ್ಲಿ ಅವಳಿ ಬಸುರಿ ಒಬ್ಬಳಿದಾಳೆ. ಒಂದು ಮಗು ಅಡ್ಡ ಮಲಗಿದೆ. ನನ್ನ ಕೈಲಾಗೋ ಹೆರಿಗೆ ಅಲ್ಲ ಅದು, ಮಾಂಪಾಂಗ್ ಆಸ್ಪತ್ರೆಗೇ ಒಯ್ಯಬೇಕು. ಇವತ್ತೋ ನಾಳೆಯೋ ಹೇಳೋಕಾಗಲ್ಲ. ಆರು ವಾರ ಅಂತೆ, ಆರು ವಾರ!"

ಮೆಕ್ಯಾನಿಕ್ ಮಾಸ್ಟರ್ ಫುಸೈನಿ ಜಾಕು ಕೊಟ್ಟು ಚಕ್ರ ಬಿಚ್ಚುತ್ತಾರೆ. ಮಾಮೆಗೂ ಅವರಿಗೂ ಮೂವತ್ತು ವರ್ಷದ ಜಗಳ, ಮೂವತ್ತು ವರ್ಷದ ಸ್ನೇಹ. ಹೊರಬಂದ ಬೇರಿಂಗಿನೊಳಗೆ ಗುಂಡುಗಳು ಪುಡಿಯಾಗಿವೆ. ಮಾಮೆ ಅದನ್ನು ಒರೆಸಿ ಒನಕೆಗೆ ತೂರಿಸುತ್ತಾರೆ. ಅದು ನಿಂತ ಗೆರೆ ನೋಡಿ ಅವರ ಮುಖದಲ್ಲಿ ಏನೋ ಬದಲಾಗುತ್ತದೆ.

ಫುಸೈನಿ ಬೀದಿಯ ಅಂಗಡಿಗಳನ್ನು ಸುತ್ತಿ ಮೂರು ಬೇರಿಂಗು ತರುತ್ತಾರೆ. ಮೂರಕ್ಕೂ ಹೊಳೆಯುವ ಡಬ್ಬಿ. ಮಾಮೆ ಒಂದೊಂದನ್ನೇ ಕಿವಿಗೆ ಹಿಡಿದು, ಸುತ್ತಿಗೆಗಳ ಗದ್ದಲಕ್ಕೆ ಇನ್ನೊಂದು ಕಿವಿ ಮುಚ್ಚಿಕೊಂಡು ತಿರುಗಿಸುತ್ತಾರೆ.

"ಸಂತೆ. ಇದೂ ಸಂತೆ. ಇದು... ಸಾವಿಗೆ ಹೋದೀತು."

"ಹಂಗಾದ್ರೆ ಅದನ್ನೇ ಹಾಕಿಬಿಡಿ ಮಾಮೆ, ದಮ್ಮಯ್ಯ. ಸಾವಿನ ದರ್ಜೆ ಸಾಕು."

"ಏ, ಸುಮ್ನಿರಮ್ಮಾ. ಸಾವಿಗೆ ಹೋಗೋರು ಒಂದು ಗಂಟೆ ತಡ ಆದ್ರೂ ಸತ್ತೋರು ಕಾಯ್ತಾರೆ. ನಿನ್ನ ಗಾಡೀಲಿ ಕೂರೋರು ಕಾಯಲ್ಲ."

ಹೆರಿಗೆ ಹಲಗೆಯ ಮೇಲಿನ ಏಳು ಸಾಮಾನಿನಲ್ಲಿ ಹಿಂದಿನ ಚಕ್ರದ ಬೇರಿಂಗಿಲ್ಲ. ಅದು ಮಾಮೆಗೂ ಗೊತ್ತು, ಫುಸೈನಿಗೂ ಗೊತ್ತು. ಅವರಿಬ್ಬರಿಗೆ ಗೊತ್ತಿರುವ ಇನ್ನೊಂದು ಸಂಗತಿ ನನಗೂ ಗೊತ್ತಿತ್ತು. ಸಿಸ್ಟರಿಗೆ ಮಾತ್ರ ಗೊತ್ತಿರಲಿಲ್ಲ.

ಹಿಂದೆ ನಿಂತಿರುವ ಟ್ಯಾಕ್ಸಿಯ ಡಿಕ್ಕಿಯಲ್ಲಿ, ಸ್ಟೆಪ್ನಿಯ ಕೆಳಗೆ, ಎಣ್ಣೆಕಾಗದದಲ್ಲಿ ಸುತ್ತಿ ಬಟ್ಟೆ ಕಟ್ಟಿದ ಒಂದು ಬೇರಿಂಗಿದೆ. ಮುದುಕ ತೀರಿಕೊಳ್ಳುವ ಒಂದು ತಿಂಗಳು ಮುಂಚೆ ಬಂದರಿನ ಅಂಗಡಿಯೊಂದರಿಂದ ತಂದಿದ್ದು. ಆ ಹಳೆಯ ತಯಾರಿಕೆ ಈಗಿಲ್ಲ. ಹಾಕಿಸುವ ಮೊದಲೇ ಅವರು ಹೊರಟುಹೋದರು. ಅದಾಗಿ ಹನ್ನೊಂದು ವರ್ಷ. ಈ ಹನ್ನೊಂದು ವರ್ಷದಲ್ಲಿ ಅಫಿಯಾ ಒಂದೊಂದೇ ಭಾಗ ಹುಡುಕಿ ಆ ಟ್ಯಾಕ್ಸಿಯನ್ನು ಮತ್ತೆ ಕಟ್ಟಿದ್ದಾರೆ. ಇಂಜಿನ್ ಹೊತ್ತಿಕೊಳ್ಳುತ್ತದೆ. ಬ್ರೇಕು ಹಿಡಿಯುತ್ತದೆ. ಉಳಿದಿದ್ದುದು ಹಿಂದಿನ ಎಡ ಚಕ್ರ, ಅದಕ್ಕೆ ಈ ಬೇರಿಂಗು. ಬರುವ ಡಿಸೆಂಬರಿನಲ್ಲಿ ಎಂಬತ್ತು ತುಂಬುವ ತಾಯಿಯನ್ನು ಅದೇ ಟ್ಯಾಕ್ಸಿಯ ಹಿಂದಿನ ಸೀಟಿನಲ್ಲಿ ಕೂರಿಸಿ ಮಾಂಪಾಂಗಿನ ಅಪ್ಪನ ಸಮಾಧಿಗೆ ಕರೆದೊಯ್ಯಬೇಕು. ಪ್ರತಿ ಕ್ರಿಸ್‌ಮಸ್ಸಿಗೂ ಆ ತಾಯಿ "ಗಾಡಿ ಯಾವಾಗ ಏಳುತ್ತೆ?" ಎಂದು ಕೇಳುತ್ತಾರೆ. ಈ ವರ್ಷ ಏಳುತ್ತದೆ ಎಂದು ಮಗಳು ಮಾತು ಕೊಟ್ಟಾಗಿದೆ.

ಒನಕೆಯ ಮೇಲೆ ಆ ಪುಡಿಯಾದ ಬೇರಿಂಗು ನಿಂತದ್ದು ಅಪ್ಪನ ಟ್ಯಾಕ್ಸಿಯ ಗೆರೆಯಲ್ಲಿ.

ಮಾಮೆ ಎದ್ದು ಹಿಂದಕ್ಕೆ ಹೋಗುತ್ತಾರೆ. ಫುಸೈನಿ ಓಡಿಹೋಗಿ ಅಡ್ಡ ನಿಲ್ಲುತ್ತಾರೆ.

"ಬೇಡ ಮಾಮೆ. ಡಿಸೆಂಬರಿಗೆ ಅಂತ ಇಟ್ಟಿದ್ದು. ಅವ್ವಂಗೆ ಏನು ಹೇಳ್ತೀರಿ? ನಾನು ಅಕ್ರಾಗೆ ಫೋನ್ ಮಾಡ್ತೀನಿ, ನಾಲ್ಕು ದಿನ ಕೊಡಿ."

"ನಾಲ್ಕು ದಿನ ಹೊಟ್ಟೇಲಿರೋ ಕೂಸುಗಳಿಗೆ ನೀನೇ ಹೋಗಿ ಹೇಳು. ಸರಿ ಆಚೆ."

ಡಿಕ್ಕಿ ಕಿರ್ರೆಂದು ತೆರೆಯುತ್ತದೆ. ಬಟ್ಟೆಯ ಗಂಟು ಮುದುಕನೇ ಹಾಕಿದ್ದು, ಹನ್ನೊಂದು ವರ್ಷ ಯಾರೂ ಬಿಚ್ಚಿರಲಿಲ್ಲ. ಮಾಮೆ ಉಗುರಿನಿಂದ ಬಿಚ್ಚುತ್ತಾರೆ, ಕತ್ತರಿಸುವುದಿಲ್ಲ. ಎಣ್ಣೆಕಾಗದದೊಳಗಿನ ಗ್ರೀಸು ಜೇನಿನ ಬಣ್ಣಕ್ಕೆ ತಿರುಗಿದೆ. ಬೇರಿಂಗಿಗೆ ಒಂದು ಕಲೆಯಿಲ್ಲ. ಒನಕೆಗೆ ತೂರಿಸುತ್ತಾರೆ. ಅದೇ ಗೆರೆಗೆ ನಿಲ್ಲುತ್ತದೆ. ತೆಗೆದು ಮತ್ತೊಮ್ಮೆ ತೂರಿಸುತ್ತಾರೆ. ಅದೇ ಗೆರೆ. ಅಳತೆಯಲ್ಲಿ ಎಂದೂ ಎರಡು ಸಲ ನೋಡದವರು ಅವತ್ತು ಮೂರನೇ ಸಲವೂ ನೋಡುತ್ತಾರೆ.

ಯಾಕೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ ಅವರು ಮುಚ್ಚುಮರೆ ಮಾಡುವುದಿಲ್ಲ. "ಹೊಂದದೇ ಇರ್ಲಿ ಅಂತ ಬೇಡ್ಕೊಂಡೆ ಮೇಷ್ಟ್ರೇ. ಸುಳ್ಳು ಯಾಕೆ ಹೇಳ್ಲಿ? ಒಂದು ಕೂದಲೆಳೆ ವ್ಯತ್ಯಾಸ ಇದ್ದಿದ್ರೂ ಸಾಕಿತ್ತು. ನಾನು ಬಚಾವಾಗ್ತಿದ್ದೆ."

ಬೇರಿಂಗನ್ನು ಚಕ್ರಕ್ಕೆ ಒತ್ತಿ ಕೂರಿಸುವ ಮೊದಲು ಅವರು ಅದನ್ನು ಫುಸೈನಿಯ ಕಿವಿಗೆ ಹಿಡಿಯುತ್ತಾರೆ, ಆಮೇಲೆ ನನ್ನ ಕಿವಿಗೆ. ನನಗೇನೂ ಕೇಳಿಸುವುದಿಲ್ಲ. "ಅದೇ ಕೇಳಿಸ್ಬೇಕಾಗಿದ್ದು," ಎನ್ನುತ್ತಾರೆ.

ಒಂಬತ್ತು ಗಂಟೆಗೆ ಎಂಟು ಬ್ರೇಕ್ ಡ್ರಮ್ಮು ಡಿಕ್ಕಿಗೆ ಬೀಳುತ್ತವೆ. ಮಾಮೆ ಹಿಂದಿನ ಸೀಟಿನ ಎಡಬದಿಗೆ, ಆ ಚಕ್ರದ ಮೇಲೆಯೇ, ಕೂರುತ್ತಾರೆ. ನನ್ನನ್ನು ಮುಂದೆ ಕೂರಿಸುತ್ತಾರೆ, ಭಾರಕ್ಕೆ. "ಬರೆಯೋ ಕೈಯಿಂದ ಇವತ್ತಾದ್ರೂ ಒಂದು ಉಪಯೋಗ ಆಗ್ಲಿ" ಎಂದು ಫುಸೈನಿಯ ಕೊಂಕು ಬೇರೆ. ಸಿಸ್ಟರ್ ಗಾಡಿ ಎಬ್ಬಿಸುತ್ತಾರೆ. ಬ್ರೆಮಾನ್ ಏರಿನಲ್ಲಿ ಮಾಮೆ ಕಣ್ಣು ಮುಚ್ಚಿ ತಲೆಯನ್ನು ಬಾಗಿಲಿಗೆ ಆನಿಸುತ್ತಾರೆ. ಹೋಗುವಾಗಲೂ ಬರುವಾಗಲೂ ಅದೇ ಭಂಗಿ. ಕನ್ನಡಿಯಲ್ಲಿ ನೋಡುತ್ತೇನೆ, ಕೆನ್ನೆ ಒದ್ದೆಯಾಗಿದೆ. ನಾನು ಕನ್ನಡಿಯಿಂದ ಕಣ್ಣು ತೆಗೆಯುತ್ತೇನೆ.

ಅಂಗಡಿ ಮುಂದೆ ಇಳಿದವರೇ ಬಾಗಿಲು ಬಡಿದು, "ಹೋಗಮ್ಮಾ. ಓಡಿಸು. ತಿಂಗಳಿಗೊಂದು ಸಲ ತಂದು ಸದ್ದು ಕೇಳಿಸಿ ಹೋಗು," ಎನ್ನುತ್ತಾರೆ. ಬೇರಿಂಗು ಎಲ್ಲಿಂದ ಬಂತೆಂದು ಸಿಸ್ಟರ್ ಕೇಳುತ್ತಾರೆ. "ಹೆರಿಗೆ ಗುಡ್ಡೇದು" ಎಂದಷ್ಟೇ ಉತ್ತರ. ಆಮೇಲೆ ಕೊಕೊ ಗಂಜಿಗೆ ಕೂಗುತ್ತಾರೆ, ಜೊತೆಗೆ ನಾಲ್ಕು ಕೊಸೆ ವಡೆ.

ಸಂಜೆ ಅವರೊಂದಿಗೆ ಮನೆಗೆ ಹೋಗುತ್ತೇನೆ. ಒಬ್ಬರೇ ಹೋಗಿ ತಾಯಿಗೆ ಹೇಳಲು ಅವರಿಗೆ ಧೈರ್ಯವಿಲ್ಲ, ಹಾಗಂತ ಬಾಯಿಬಿಟ್ಟು ಒಪ್ಪುವುದೂ ಇಲ್ಲ. ಅಂಗಳದಲ್ಲಿ ಮರಗೆಣಸು ಹೆರೆಯುತ್ತಿದ್ದ ಮುದುಕಿ ಮಗಳ ಮಾತನ್ನು ಪೂರ್ತಿ ಕೇಳುತ್ತಾರೆ. ಚಾಕು ನಿಲ್ಲುತ್ತದೆ. ನಾನು ಬೈಗುಳಕ್ಕೆ ಕಾಯುತ್ತೇನೆ.

"ಅವಳಿ ಅಂದ್ಯಾ?"

"ಹ್ಞೂಂ ಅವ್ವಾ."

"ಒಳ್ಳೇ ಕೆಲ್ಸ ಮಾಡ್ದೆ," ಎನ್ನುತ್ತಾರೆ ಮುದುಕಿ, ಮತ್ತೆ ಗೆಣಸು ಎತ್ತಿಕೊಳ್ಳುತ್ತ. "ಟ್ಯಾಕ್ಸಿ ಹಿಂದಿನ ಸೀಟು ಎಷ್ಟು ಒರಟು ಅಂತ ಈ ಊರಲ್ಲಿ ನಂಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಿಮ್ಮಪ್ಪನ ಹತ್ರ ಬಸ್ಸಲ್ಲೇ ಹೋಗೋಣ. ಅವನೇನು ಎದ್ದು ಬಂದು ಯಾವ ಗಾಡಿ ಅಂತ ನೋಡ್ತಾನಾ?"

ಟ್ಯಾಕ್ಸಿ ಈಗಲೂ ಅಲ್ಲೇ ಇದೆ, ಹಿಂದಿನ ಎಡ ಮೂಲೆ ಕಲ್ಲಿನ ಮೇಲೆ. ಅಂಥದೇ ಇನ್ನೊಂದು ಬೇರಿಂಗು ಎಲ್ಲಾದರೂ ಸಿಗಬಹುದೆಂದು ಫುಸೈನಿ ಅಕ್ರಾಕ್ಕೆ, ತಮಾಲೆಗೆ, ಗಡಿಯಾಚೆಗೂ ಹೇಳಿಕಳಿಸಿದ್ದಾರೆ. ಮಾಮೆಯನ್ನು ಕೇಳಿದರೆ, "ಸಿಕ್ರೆ ಸಿಗ್ಲಿ. ಸಿಗೋ ತನಕ ಬೇರೆ ಸಾಮಾನು ಹಿಡಿದು ನೋಡೋಕೆ ಅದು ನಮ್ಮ ಅಳತೆ ಗಾಡಿ" ಎನ್ನುತ್ತಾರೆ. ದೊಡ್ಡ ಆಸೆ ಏನು ಎಂದು ಪತ್ರಿಕೆಯವರ ಪ್ರಶ್ನೆ ಕೇಳಿದೆ. ಒನಕೆಯಲ್ಲಿ ಹೊಸ ಗೆರೆಗೆ ಜಾಗ ಕಮ್ಮಿಯಾಗಿದೆ, ಒಂದು ಉದ್ದನೆಯ ಒನಕೆ ಬೇಕು ಎಂದರು.

ಮುಂದಿನ ಮಂಗಳವಾರ ಬೆಳಗ್ಗೆ ಈ ಬರಹದ ಕೊನೆಗೊಂದು ಫೋಟೋ ಬೇಕೆಂದು ಮತ್ತೆ ಹೋದೆ. ಐದೂ ಮುಕ್ಕಾಲು. ಬೇರಿಂಗೊಂದು ಅವರ ಕಿವಿಯಲ್ಲಿತ್ತು. ಫೋನು ಬಡಿದುಕೊಂಡಿತು. ಬೇರಿಂಗು ಇಳಿಸಿ ಆ ಕಿವಿಗೇ ಫೋನು ಹಿಡಿದರು. ಸಿಸ್ಟರ್ ಬೊಆಟೆಮಾ ಎಷ್ಟು ಜೋರಾಗಿ ಕೂಗುತ್ತಿದ್ದರೆಂದರೆ ಪಕ್ಕದಲ್ಲಿದ್ದ ನನಗೂ ಕೇಳಿಸುತ್ತಿತ್ತು. ಎರಡೂ ಹೆಣ್ಣು, ತಾಯಿ ಕ್ಷೇಮ, ಘಾಟಿ ಹತ್ತುವಾಗ ಮಳೆ ಬೇರೆ.

"ಅದೆಲ್ಲ ಇರ್ಲಿ," ಎಂದರು ಮಾಮೆ ಅಫಿಯಾ. "ಎಲ್ಲಿ ಹುಟ್ಟಿದ್ದು?"

"ಆಸ್ಪತ್ರೇಲಿ ಮಾಮೆ. ಹಾಸಿಗೆ ಮೇಲೆ."

"ಎರಡೂ?"

"ಎರಡೂ."

"ಹಂಗಾದ್ರೆ ನಮ್ಮಪ್ಪ ತಂದಿದ್ದು ಒಳ್ಳೇ ಬೇರಿಂಗೇ," ಎಂದು ಫೋನಿಟ್ಟು, ಸುತ್ತಿಗೆ ಏಳುವುದರೊಳಗೆ ಮುಗಿಸಬೇಕಾದ ಇನ್ನೊಂದನ್ನು ಕಿವಿಗೆ ಹಿಡಿದರು.